ಅಂದಾಜು ಒಪ್ಪದ ಸಾಹೇಬರು

ನಮ್ಮ ಸಾಹೇಬರು ಷಟಲ್ ಆಡಲು ಬರುವಾಗ ಒಂದು ಕೈಯಲ್ಲಿ ರಾಕೆಟ್ಟನ್ನೂ ಇನ್ನೊಂದು ಕೈಯಲ್ಲಿ ತಮ್ಮ ಕೆಳತುಟಿಯವರೆಗೆ ಬರುವ ಒಂದು ಮರದ ಕೋಲನ್ನೂ ಹಿಡಿದು ಬರುತ್ತಿದ್ದರು. ಗೊತ್ತಿಲ್ಲದವರು, ಪಾಪ, ಊರುಗೋಲಿಲ್ಲದೆ ನಡೆಯಲಾರದ ವಯಸ್ಸು, ಆದರೂ ಆಟದ ಚಪಲ ಬಿಟ್ಟಿಲ್ಲ ಎಂದು ಮರುಗುತ್ತಿದ್ದರು. ಆ ಕೋಲನ್ನು ಊರಿಕೊಂಡು ಅವರು ಒಂದು ಹೆಜ್ಜೆಯನ್ನೂ ಇಟ್ಟವರಲ್ಲ. ನೆಲದ ಮೇಲೆ ಯಾರೋ ಮೊದಲೇ ಗುರುತು ಹಾಕಿಟ್ಟಿದ್ದಾರೆ, ತಾವು ಅದರ ಮೇಲೆಯೇ ಕಾಲಿಡಬೇಕು ಎಂಬಂತೆ ಸಮಸಮ ಹೆಜ್ಜೆಯಲ್ಲಿ ಬಂದು, ಅಂಕಣದ ನಟ್ಟನಡುವೆ ನಿಂತು, ಕೋಲಿನ ಹಿತ್ತಾಳೆ ಕಟ್ಟಿದ ಬುಡವನ್ನು ನೆಲಕ್ಕೆ ತಾಗಿಸಿ, ಅದರ ತುದಿಯೂ ನೆಟ್ಟಿನ ಬಿಳಿಯ ಪಟ್ಟಿಯೂ ಒಂದೇ ಮಟ್ಟದಲ್ಲಿವೆಯೇ ಎಂದು ಮೊಣಕಾಲು ಬಗ್ಗಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಿದ್ದರೂ ಕಂಬದ ಹಗ್ಗ ಬಿಚ್ಚಿ ಮತ್ತೆ ಬಿಗಿಯಬೇಕು. ಚಳಿಯಲ್ಲಿ ನಡುಗುತ್ತ ನಿಂತ ನಾವು ಮೂವರೂ ಅಷ್ಟು ಹೊತ್ತು ಮೈ ಬಿಸಿ ಮಾಡಿಕೊಳ್ಳುವ ನೆಪದಲ್ಲಿ ಅವರನ್ನು ಬೈದುಕೊಳ್ಳುತ್ತಿದ್ದೆವು.

ಅವರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಇನ್ಸ್‌ಪೆಕ್ಟರಾಗಿದ್ದವರು. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಕಲ್ಲು, ಮೀಟರು ಕೋಲು, ಸೀಮೆಎಣ್ಣೆಯ ಅಳತೆ ಡಬ್ಬಿ, ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಕೆಲಸವಾಗಿತ್ತು. ನಿವೃತ್ತರಾಗಿ ಇಲಾಖೆ ಅವರನ್ನು ಮರೆತರೂ ಇಲಾಖೆಯ ಬೂದುಬಣ್ಣದ ಕೋಟನ್ನು ಅವರು ಬಿಟ್ಟಿರಲಿಲ್ಲ. ಮುದ್ರೆಯ ಉಳಿಯನ್ನೂ ಸುತ್ತಿಗೆಯನ್ನೂ ಇಟ್ಟುಕೊಳ್ಳುತ್ತಿದ್ದುದರಿಂದ ಅದರ ಬಲಜೇಬು ಎಡಜೇಬಿಗಿಂತ ನಾಲ್ಕು ಬೆರಳು ಕೆಳಕ್ಕೆ ಜೋತುಬಿದ್ದಿತ್ತು. ತೂಕ ಸರಿಮಾಡಿಸುತ್ತ ಆಯುಷ್ಯ ಕಳೆದ ಮನುಷ್ಯನ ಕೋಟೇ ಒಂದು ಕಡೆಗೆ ವಾಲಿದೆಯಲ್ಲ ಎಂದು ನಾವು ತಮಾಷೆ ಮಾಡಿದರೆ, "ಅದು ವಾಲಿದ್ದಕ್ಕೇ ನಿಮ್ಮ ಮನೆ ಸಕ್ಕರೆ ಸರಿಯಾಗಿ ಬಂತು" ಎನ್ನುತ್ತಿದ್ದರು.

ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು ಒಂದೇ: "ಅಂದಾಜಿನಲ್ಲಿ ಹೇಳಬೇಡಿ." ಸುಮಾರು, ಹತ್ತಿರಹತ್ತಿರ, ಒಂಚೂರು, ಹೆಚ್ಚುಕಮ್ಮಿ, ಇಂಥ ಮಾತುಗಳು ಕಿವಿಗೆ ಬಿದ್ದರೆ ಅವರ ಹುಬ್ಬು ಗಂಟಿಕ್ಕುತ್ತಿತ್ತು. ಅಡಿ, ಅಂಗುಲ ಎಂದರಂತೂ ಮುಗಿಯಿತು. ನೆಟ್ಟಿನ ನಡುವಿನ ಎತ್ತರ ಐದು ಅಡಿ ಎಂದು ಲೋಕವೆಲ್ಲ ಹೇಳಿದರೆ ಅವರು ಮಾತ್ರ ನೂರ ಐವತ್ತೆರಡು ಸೆಂಟಿಮೀಟರು ನಾಲ್ಕು ಮಿಲಿಮೀಟರು ಎಂದು, ಒಂದು ಉಸಿರೂ ಉಳಿಸದೆ ಪೂರ್ತಿ ಹೇಳುತ್ತಿದ್ದರು. ತೂಕದ ಕಲ್ಲು ಕೈಗೆ ಬಂದರೆ ಮೊದಲು ತಿರುವಿ ಅದರ ಅಡಿಯನ್ನು ನೋಡಬೇಕು, ತೂಕ ಕದಿಯಲು ಕೊರೆಯುವವನು ಅಲ್ಲೇ ಕೊರೆಯುತ್ತಾನೆ, ಮೋಸ ಯಾವಾಗಲೂ ಬುಡದಲ್ಲಿರುತ್ತದೆ ಎಂಬ ತಮ್ಮ ಸರ್ವೀಸಿನ ಪಾಠವನ್ನು ನಮಗೆ ಎಷ್ಟು ಸಲ ಒಪ್ಪಿಸಿದ್ದರೋ ಲೆಕ್ಕವಿಲ್ಲ. ಈ ಪಾಠವನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ನಾವು ಆಡುತ್ತಿದ್ದುದು ಒಂದು ಹಳೆಯ ಗೋದಾಮಿನಲ್ಲಿ. ತಗಡಿನ ಮಾಡು, ಮರದ ಹಲಗೆಯ ನೆಲ, ಎತ್ತರದಲ್ಲಿ ಗಾಜಿನ ಎರಡು ಕಿಂಡಿ. ಬೆಳಿಗ್ಗೆ ಆರರಿಂದ ಏಳೂವರೆಯವರೆಗೆ ಅದು ನಮ್ಮ ನಾಲ್ವರದು. ಸಾಹೇಬರು ಮತ್ತು ಮೇಸ್ತ್ರಿ ಒಂದು ಜೋಡಿ. ಎದುರಿಗೆ ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಸಿಸ್ಟರ್ ಮತ್ತು ನಾನು. ಮೇಸ್ತ್ರಿ ಬಡಗಿ, ಸಾಹೇಬರಿಗಿಂತ ನಾಲ್ಕು ವರ್ಷ ಚಿಕ್ಕವನು, ಸಾಹೇಬರ ಅಳತೆಕೋಲನ್ನು ಮಾಡಿಕೊಟ್ಟವನೂ ಅವನೇ. ಆ ಕೋಲಿನ ತುದಿಗೆ ಸಾಹೇಬರು ತಮ್ಮ ಕೈಯಾರೆ ಮುದ್ರೆ ಒತ್ತಿದ್ದರು. ಇಪ್ಪತ್ತೆರಡು ವರ್ಷ ಅವನು ಅಂಕಣದಲ್ಲಿ ಅವರ ಎಡಗಡೆ ನಿಂತಿದ್ದ. ಇಬ್ಬರೂ ಆಟದ ಹೊತ್ತಿನಲ್ಲಿ ಮಾತಾಡುತ್ತಿರಲಿಲ್ಲ. ಷಟಲ್ ನಡುವೆ ಬಂದರೆ ಯಾರದು ಎಂದು ಕೂಗುವ ಅಗತ್ಯವೂ ಅವರಿಗಿರಲಿಲ್ಲ. ಸಿಸ್ಟರ್ ಮತ್ತು ನಾನಾದರೋ "ನಿಮ್ದು, ನಿಮ್ದು" ಎಂದು ಕೂಗಿಯೂ ಇಬ್ಬರೂ ಬಿಟ್ಟುಕೊಂಡು ನಿಲ್ಲುವವರು.

ಗೋದಾಮಿನ ಗೋಡೆಯಲ್ಲಿ ಐದು ಮೊಳೆಗಳಿದ್ದವು. ಆಟ ಬಿಟ್ಟವರು ತಮ್ಮ ರಾಕೆಟ್ಟನ್ನು ಅಲ್ಲಿ ತಗುಲಿಸಿ ಹೋಗಬೇಕು. ಹಾಗೆಂದು ಯಾರೋ ಶುರುಮಾಡಿದ್ದು ನಿಯಮವೇ ಆಗಿಬಿಟ್ಟಿತ್ತು. ನಾಲ್ಕು ಮೊಳೆಗಳಲ್ಲಿ ರಾಕೆಟ್ಟುಗಳಿದ್ದವು. ಮಂಡಿ ಸವೆದ ಪೋಸ್ಟ್‌ಮ್ಯಾನ್, ಕಣ್ಣು ಮಂಜಾದ ದರ್ಜಿ, ಹೃದಯ ಕೈಕೊಟ್ಟ ಬ್ಯಾಂಕಿನವರು, ಮಗಳ ಊರಿಗೆ ಹೋದ ಡ್ರಾಯಿಂಗ್ ಮೇಷ್ಟ್ರು. ಐದನೆಯದು ಖಾಲಿ. ನಾವು ನಾಲ್ವರೂ ನೀರು ಕುಡಿಯುವಾಗ ಆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದೆವು.

ಸಾಹೇಬರ ಆಟವೆಲ್ಲ ಅವರ ಸರ್ವೀಸಿನಲ್ಲಿತ್ತು. ಎತ್ತರಕ್ಕೆ ಹೊಡೆದು ಎದುರಾಳಿಯನ್ನು ಹಿಂದಕ್ಕೆ ಓಡಿಸುವುದು ಅವರ ಪ್ರಕಾರ ಗಿರಾಕಿಯ ಕಣ್ಣಿಗೆ ಮಣ್ಣೆರಚುವ ಕೆಲಸ. ಅವರ ಷಟಲ್ ಬಿಳಿಪಟ್ಟಿಯ ಮೇಲೆ ಒಂದು ಬೆರಳು ತೂರುವಷ್ಟೇ ಜಾಗ ಬಿಟ್ಟು ದಾಟಿ, ದಾಟಿದೊಡನೆ ಬಸವಳಿದು ನಮ್ಮ ಕಾಲಬುಡಕ್ಕೆ ಬೀಳುತ್ತಿತ್ತು. ಎಪ್ಪತ್ತು ದಾಟಿದ ಮನುಷ್ಯ ಬೆವರದೆ, ಏದುಸಿರು ಬಿಡದೆ ನಮ್ಮನ್ನು ಸೋಲಿಸಿ, ಕೋಟು ಹಾಕಿಕೊಂಡು, "ನಾಳೆ ಆರಕ್ಕೆ. ಆರು ಅಂದ್ರೆ ಆರು" ಎಂದು ಹೊರಡುತ್ತಿದ್ದರು.

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅವರು ಬಚ್ಚಲಲ್ಲಿ ಜಾರಿ ಬಲಗೈಯ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಗುಣವಾಯಿತು, ಆದರೆ ಮೊದಲಿನಂತೆ ತಿರುಗಲಿಲ್ಲ. ಬೆರಳಗಲ ಜಾಗದಲ್ಲಿ ತೂರುತ್ತಿದ್ದ ಷಟಲ್ ಈಗ ಪಟ್ಟಿಗೇ ಬಡಿದು, ತಪ್ಪು ಮಾಡಿದ ಮಗುವಿನ ಹಾಗೆ ಅವರ ಕಡೆಗೇ ಬಿದ್ದುಬಿಡುತ್ತಿತ್ತು. ಸ್ವಲ್ಪ ಎತ್ತರಿಸಿ ಹೊಡೀರಿ ಎಂದು ಸಿಸ್ಟರ್ ಹೇಳಿ ನೋಡಿದರು. ಸಾಹೇಬರು ಮತ್ತೆ ತಗ್ಗಿಸಿಯೇ ಹೊಡೆದರು. ಎರಡು ವಾರ ಹೀಗೆಯೇ ನಡೆದ ಮೇಲೆ, ಒಂದು ಬೆಳಿಗ್ಗೆ, ನೀರು ಕುಡಿಯುತ್ತ, ಅವರು ಗೋಡೆಯ ಕಡೆಗೆ ತಿರುಗಿ ಕೂತರು.

"ಈ ತಿಂಗಳು ನೋಡ್ತೀನಿ. ಆಮೇಲೆ ಆ ಮೊಳೆ ನನ್ನದು" ಎಂದರು.

ಅಂದು ಹೊರಡುವಾಗ ಮೇಸ್ತ್ರಿ, ಕೋಲಿನ ಹಿತ್ತಾಳೆ ಸಡಿಲವಾಗಿದೆ, ಬಿಗಿ ಮಾಡಿಕೊಡ್ತೀನಿ ಎಂದು ಅದನ್ನು ಕೇಳಿ ಮನೆಗೆ ಒಯ್ದ. ಮರುದಿನ ಕೋಲು ವಾಪಸ್ಸು ಬಂತು. ಸಾಹೇಬರು ಎಂದಿನಂತೆ ಮೊಣಕಾಲು ಬಗ್ಗಿಸಿ, ಒಂದು ಕಣ್ಣು ಮುಚ್ಚಿ ಅಳೆದರು, ನೆಟ್ ಎತ್ತರವಾಯಿತು ಎಂದು ಹಗ್ಗ ಇಳಿಸಿದರು, ಆಟ ಶುರುವಾಯಿತು. ಅವರ ಸರ್ವೀಸು ಪಟ್ಟಿಯನ್ನು ಸವರಿಕೊಂಡು ದಾಟಿತು. ಮತ್ತೊಂದು ದಾಟಿತು. ಅವರ ಮುಖ ಅರಳಿದ ರೀತಿಯನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತೆಂದು ಹೇಳಿದರೆ ಸುಳ್ಳಾಗದು.

ಸಿಸ್ಟರ್ ಮಾತ್ರ ಎರಡನೇ ಆಟಕ್ಕೇ ನನ್ನ ಕಿವಿಯಲ್ಲಿ, "ನೆಟ್ ಕುಳ್ಳಗಾಗಿದೆ, ಗಮನಿಸಿದ್ರಾ?" ಎಂದರು. ಆಟ ಮುಗಿದು ಸಾಹೇಬರು ಹೋದ ಮೇಲೆ ಮೇಸ್ತ್ರಿ ತಾನಾಗಿಯೇ ಬಾಯಿಬಿಟ್ಟ. ಕೋಲಿನ ತುದಿಯಲ್ಲಿ ಮುದ್ರೆ ಇದ್ದುದರಿಂದ ಅದನ್ನು ಮುಟ್ಟದೆ, ಹಿತ್ತಾಳೆ ಕಳಚಿ, ಬುಡದಲ್ಲಿ ಎರಡಂಗುಲ ಕೊಯ್ದು, ಹಿತ್ತಾಳೆಯನ್ನು ಮತ್ತೆ ಹೊಡೆದಿದ್ದ. "ನೀವಿಬ್ರೂ ಬಾಯಿ ಬಿಡಬಾರದು" ಎಂದು ಕೈಹಿಡಿದುಕೊಂಡ. ನಾವು ಬಿಡಲಿಲ್ಲ. ನೆಟ್ ಇಳಿದ ಲಾಭ ನಮಗೂ ಸಿಗುತ್ತಿತ್ತು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ನನ್ನ ಹೊಡೆತಗಳು ಆ ಕಾಲದಲ್ಲಿ ಸುಧಾರಿಸಿದಷ್ಟು ಮತ್ತೆಂದೂ ಸುಧಾರಿಸಿಲ್ಲ.

ಎಂಟು ತಿಂಗಳು ಸಾಹೇಬರು ಗೆಲುವಿನಲ್ಲಿದ್ದರು. ಕೋಲು ಈಗ ತುಟಿಗೆ ಬರದೆ ಗಲ್ಲದ ಕೆಳಗೇ ನಿಲ್ಲುತ್ತದೆಂಬುದನ್ನು ಅವರ ಕಣ್ಣು ಕಂಡುಹಿಡಿಯದೇ ಇರಲಿಲ್ಲ. ಕಂಡುಹಿಡಿದು ಅವರು ಮಾಡಿದ ತೀರ್ಮಾನವೇ ಬೇರೆ. "ನೋಡಿ, ಆಟ ಬಿಡಬಾರದು ಅನ್ನೋದು ಇದಕ್ಕೇ. ಬೆನ್ನು ನೆಟ್ಟಗಾಗಿದೆ. ನಾನು ಐದು ಸೆಂಟಿಮೀಟರ್ ಎತ್ತರ ಆಗಿದ್ದೀನಿ" ಎಂದು ನಮಗೆ ಕೋಲನ್ನು ಗಲ್ಲಕ್ಕೆ ಹಿಡಿದು ತೋರಿಸಿದರು. ಮನೆಯಲ್ಲಿ ಹೆಂಡತಿಗೂ ತೋರಿಸಿದರಂತೆ. ಜಗತ್ತಿನ ಎಲ್ಲ ಅಂಗಡಿಗಳ ಕೋಲನ್ನೂ ಅನುಮಾನಿಸಿದ ಮನುಷ್ಯ ತನ್ನದನ್ನು ಅನುಮಾನಿಸಲಿಲ್ಲ. ಮೇಸ್ತ್ರಿ ಆ ಹೊತ್ತಿನಲ್ಲಿ ಶೂ ಹಗ್ಗ ಕಟ್ಟಿಕೊಳ್ಳಲು ಬಗ್ಗಿದವನು ತುಂಬ ಹೊತ್ತು ಮೇಲೇಳಲಿಲ್ಲ.

ಊರಿನ ಇನ್ನೊಂದು ತುದಿಯ ಕ್ಲಬ್ಬಿನವರು ಅರವತ್ತೈದು ದಾಟಿದವರ ಪಂದ್ಯಕ್ಕೆ ನಮ್ಮನ್ನು ಕರೆದದ್ದು ಆ ಗೆಲುವಿನ ದಿನಗಳಲ್ಲೇ. ಹೋಗುವುದು ಬೇಡ ಎಂದು ಮೇಸ್ತ್ರಿ ಸೊಂಟನೋವಿನಿಂದ ಹಿಡಿದು ಬಸ್ಸಿನ ತೊಂದರೆಯವರೆಗೆ ಎಲ್ಲ ಕಾರಣ ಹೇಳಿ ನೋಡಿದ. ಕೋಲಾದರೂ ಬೇಡ ಸಾಹೇಬ್ರೆ, ಬಸ್ಸಲ್ಲಿ ಅಡ್ಡ ಆಗುತ್ತೆ ಎಂದ. ಸಾಹೇಬರು ಕೋಲನ್ನು ಬಟ್ಟೆಯಲ್ಲಿ ಸುತ್ತಿ ತಂದರು.

ಆ ಸಭಾಂಗಣದಲ್ಲಿ ಬೆಂಚುಗಳ ಮೇಲೆ ನಲವತ್ತು ಐವತ್ತು ಮಂದಿ ಕೂತಿದ್ದರು. ಸಾಹೇಬರು ನೆಟ್ಟಿನ ಬಳಿ ಹೋಗಿ, ಕೋಲಿಟ್ಟು, ಬಗ್ಗಿ ನೋಡಿ, ಎದ್ದು, ಎಲ್ಲರಿಗೂ ಕೇಳುವಂತೆ ಹೇಳಿದರು: "ನಿಮ್ಮ ನೆಟ್ ಐದು ಸೆಂಟಿಮೀಟರ್ ಜಾಸ್ತಿ ಇದೆ."

ಅಲ್ಲಿನ ಕಾರ್ಯದರ್ಶಿ ಸಭ್ಯ ಮನುಷ್ಯ. "ಇರಲಾರದು ಸರ್. ನಿನ್ನೆ ತಾನೇ ಅಳೆದು ಕಟ್ಟಿದ್ದೀವಿ" ಎಂದ.

"ಅಂದಾಜಿನಲ್ಲಿ ಹೇಳಬೇಡಿ. ಇದು ಮುದ್ರೆ ಬಿದ್ದ ಕೋಲು."

ಕಾರ್ಯದರ್ಶಿ ವಾದಕ್ಕಿಳಿಯದೆ ಒಳಗಿನಿಂದ ಉಕ್ಕಿನ ಟೇಪು ತಂದು ಸಾಹೇಬರ ಕೈಗೇ ಕೊಟ್ಟ. ಅವರು ನೆಟ್ಟನ್ನು ಅಳೆದರು. ನೂರ ಐವತ್ತೆರಡು ಸೆಂಟಿಮೀಟರು ನಾಲ್ಕು ಮಿಲಿಮೀಟರು. ಮತ್ತೊಮ್ಮೆ ಅಳೆದರು. ಆಮೇಲೆ ಟೇಪನ್ನು ತಮ್ಮ ಕೋಲಿನ ಮೇಲೆ ಎಳೆದರು. ನೂರ ನಲವತ್ತೇಳು ಸೆಂಟಿಮೀಟರು ನಾಲ್ಕು ಮಿಲಿಮೀಟರು. ಕೊನೆಗೆ ಕೋಲನ್ನು ತಿರುವಿ ಅದರ ಬುಡ ನೋಡಿದರು. ಹಳೆಯ ಹಿತ್ತಾಳೆಯಲ್ಲಿ ಹೊಸ ಮೊಳೆಯ ತಲೆ ಫಳಫಳ ಹೊಳೆಯುತ್ತಿತ್ತು. ನನಗೆ ಅವರ ಮುಖ ನೋಡುವ ಧೈರ್ಯವಾಗದೆ ಮೇಸ್ತ್ರಿಯ ಮುಖ ನೋಡಿದೆ, ಅದು ಬಿಳಿಚಿಕೊಂಡಿತ್ತು.

"ನಿಮ್ಮ ನೆಟ್ ಸರಿ ಇದೆ. ನನ್ನ ಕೋಲು ತಪ್ಪು. ಎಲ್ಲರೂ ಕ್ಷಮಿಸಬೇಕು" ಎಂದು ಸಾಹೇಬರು ಹೇಳಿದರು.

ಆಡದೆ ಹಿಂದಿರುಗುತ್ತಾರೆಂದುಕೊಂಡೆ. ಅವರು ಆಡಿದರು. ಸರ್ವೀಸಿನ ಮೇಲೆ ಸರ್ವೀಸು ಪಟ್ಟಿಗೆ ಬಡಿದು ಬೀಳುತ್ತಿದ್ದರೂ, ಎಲ್ಲರೂ ನೋಡುತ್ತಿದ್ದರೂ, ಎತ್ತರಿಸಿ ಹೊಡೆಯದೆ, ಒಂದೊಂದು ಸಲವೂ ಬಗ್ಗಿ ತಾವೇ ಷಟಲ್ ಎತ್ತಿ ಎದುರಾಳಿಗೆ ಕೊಟ್ಟರು. ಇಪ್ಪತ್ತೊಂದು ಆರು, ಇಪ್ಪತ್ತೊಂದು ನಾಲ್ಕು. ಕೈಕುಲುಕಿ, ಕೋಟು ಹಾಕಿಕೊಂಡು, ಬಸ್ಸಿನ ಮುಂದಿನ ಸೀಟಿನಲ್ಲಿ ಒಬ್ಬರೇ ಕೂತರು.

ಮರುದಿನ ಆರಕ್ಕೆ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಒಂಬತ್ತನೆಯ ದಿನ ಮೇಸ್ತ್ರಿ, "ನೀವೂ ಬನ್ನಿ, ಒಬ್ಬನಿಗೇ ಕಾಲು ಬರ್ತಿಲ್ಲ" ಎಂದು ನನ್ನನ್ನು ಎಳೆದುಕೊಂಡು ಅವರ ಮನೆಗೆ ಹೋದ. ಬಾಗಿಲು ತೆರೆದವರು ಅವರ ಹೆಂಡತಿ. ನಾವೆಲ್ಲ ಅಕ್ಕ ಎನ್ನುತ್ತೇವೆ. ಸಾಹೇಬರು ಮೇಜಿನ ಹಿಂದೆ ಕೂತಿದ್ದರು. ಮೇಜಿನ ಮೇಲೆ ಕೋಲಿತ್ತು. ಮೇಸ್ತ್ರಿಗೆ ಕೂರುವಂತೆ ಹೇಳಿ, ಕಳ್ಳತೂಕದ ವ್ಯಾಪಾರಿಯನ್ನು ಕೇಳುವ ದನಿಯಲ್ಲೇ ಶುರುಮಾಡಿದರು.

"ಕೊಯ್ದದ್ದು ಯಾವಾಗ?"

"ನೀವು ಮೊಳೆ ನನ್ನದು ಅಂದ ದಿವಸ."

"ಎಷ್ಟು?"

"ಎರಡಂಗುಲ, ಸುಮಾರು..."

"ಅಂದಾಜಿನಲ್ಲಿ ಹೇಳಬೇಡ."

"ಐದು ಸೆಂಟಿಮೀಟರ್, ಸಾಹೇಬ್ರೆ."

"ಯಾಕೆ?"

ಮೇಸ್ತ್ರಿ ತನ್ನ ಅಂಗೈಯ ಗಂಟುಗಳನ್ನು ನೋಡಿಕೊಂಡ. "ಆ ಗೋಡೆಗೆ ಐದು ಮೊಳೆ ಹೊಡೆದವನು ನಾನೇ. ಅದರಲ್ಲಿ ನಿಮ್ಮ ಬ್ಯಾಟ್ ನೇತಾಡೋದನ್ನ ನೋಡೋಕೆ ನನ್ನಿಂದ ಆಗ್ತಿರಲಿಲ್ಲ. ಇಪ್ಪತ್ತೆರಡು ವರ್ಷ ನಿಮ್ಮ ಎಡಗಡೆ ನಿಂತಿದ್ದೀನಿ. ಈ ವಯಸ್ಸಲ್ಲಿ ಹೋಗಿ ಇನ್ಯಾರ ಎಡಗಡೆ ನಿಲ್ಲಲಿ?"

ಸಾಹೇಬರು ಕೋಲನ್ನು ಮೇಜಿನ ಮೇಲೆಯೇ ಒಮ್ಮೆ ಉರುಳಿಸಿದರು. "ಎಂಟು ತಿಂಗಳು ದಿನಾ ಬಂದು ಗೆದ್ದೆ ಅಂತ ಇವಳಿಗೆ ಹೇಳಿದ್ದೀನಿ. ಅದರಲ್ಲಿ ನನ್ನದು ಎಷ್ಟು, ನಿನ್ನ ಗರಗಸದ್ದು ಎಷ್ಟು? ಈಗ ಅದನ್ನ ಯಾರು ಬೇರೆ ಮಾಡಿ ಕೊಡ್ತಾರೆ ಹೇಳು." ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಸಹಿಸಬಹುದಿತ್ತು.

ಅಷ್ಟರಲ್ಲಿ ಟೀ ತಂದಿಟ್ಟ ಅಕ್ಕ ಅಲ್ಲಿಯೇ ನಿಂತು ಹೇಳಿದರು: "ಎತ್ತರ ಆಗಿದ್ದೀನಿ ಅಂತ ಇವರು ಬಂದು ಹೇಳ್ದಾಗ ನಾನು ಹೂಂ ಅಂದೆ. ಕೋಟಿನ ತೋಳು ವರ್ಷವರ್ಷ ಉದ್ದ ಆಗ್ತಿದೆ, ಎರಡು ಸಲ ನಾನೇ ಮಡಿಚಿ ಹೊಲಿದಿದ್ದೀನಿ. ಮನುಷ್ಯ ಕುಗ್ಗದೆ ಕೋಟು ಬೆಳೆಯುತ್ತಾ? ಗೊತ್ತಿದ್ದೂ ಹೇಳ್ಲಿಲ್ಲ. ನಿಮ್ಮ ಮೇಸ್ತ್ರಿ ಒಬ್ಬನ ಮೇಲೆ ಯಾಕೆ ಕೇಸು ಹಾಕ್ತೀರಿ, ನನ್ನನ್ನೂ ಸೇರಿಸ್ಕೊಳ್ಳಿ."

ಸಾಹೇಬರು ತಮ್ಮ ಕೋಟಿನ ತೋಳನ್ನು ತಿರುವಿ ಒಳಗಿನ ಹೊಲಿಗೆಯನ್ನು ನೋಡಿದರು. ಬುಡದಲ್ಲಿ ನೋಡಬೇಕೆಂದು ಲೋಕಕ್ಕೆಲ್ಲ ಹೇಳಿಕೊಟ್ಟವರು ಅವರು. ಆಮೇಲೆ, "ನಾಳೆ ಬರ್ತೀನಿ. ಐದನೇ ಮೊಳೆ ಖಾಲಿ ಇದೆ ತಾನೆ?" ಎಂದು ಕೇಳಿದರು. ಖಾಲಿ ಇದೆ ಎಂದು ನಾನೇ ಹೇಳಬೇಕಾಯಿತು.

ಮರುದಿನ ಸರಿಯಾಗಿ ಆರಕ್ಕೆ ಬಂದರು. ಒಂದು ಕೈಯಲ್ಲಿ ರಾಕೆಟ್ಟು. ಕಂಕುಳಲ್ಲಿ ಕೋಲಿನ ಬದಲು ಕಾಗದ ಸುತ್ತಿದ ಚಪ್ಪಟೆಯಾದ ಏನೋ ಒಂದು. ಯಾರೊಂದಿಗೂ ಮಾತಾಡದೆ ನೇರವಾಗಿ ನೆಟ್ಟಿನ ಬಳಿ ಹೋಗಿ, ಜೇಬಿನಿಂದ ಉಕ್ಕಿನ ಟೇಪು ತೆಗೆದು, ನೂರ ಐವತ್ತೆರಡು ಸೆಂಟಿಮೀಟರು ನಾಲ್ಕು ಮಿಲಿಮೀಟರಿಗೆ ನೆಟ್ ಕಟ್ಟಿಸಿದರು. "ಇಪ್ಪತ್ತು ಸರ್ವೀಸು ಹೊಡೀತೀನಿ. ಸಿಸ್ಟರ್, ನೀವು ಎಣಿಸಿ. ಹದಿನಾಲ್ಕಾದರೂ ನೆಟ್ ದಾಟಿದ್ರೆ ಆಟ" ಎಂದರು.

ಆರು ದಾಟಿದವು. ನಾವು ಗೋಡೆಯ ಕಡೆ ನೋಡದಿರಲು ಹೆಣಗುತ್ತಿದ್ದೆವು. ಸಾಹೇಬರು ನೆಟ್ಟಿನ ಬಳಿ ಹೋಗಿ, ಟೇಪು ಹಿಡಿದು, ಒಂದೇ ಒಂದು ಸೆಂಟಿಮೀಟರು ಇಳಿಸಿದರು. ಮತ್ತೆ ಇಪ್ಪತ್ತು. ಎಂಟು. ಇನ್ನೊಂದು ಸೆಂಟಿಮೀಟರು. ಹತ್ತು. ಮೂರನೆಯದು ಇಳಿದಾಗ ಹನ್ನೆರಡು. ಅಷ್ಟರಲ್ಲಿ ಅವರ ಅಂಗಿಯ ಬೆನ್ನು ಒದ್ದೆಯಾಗಿತ್ತು. ಅವರು ಬೆವರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾಲ್ಕನೆಯ ಸೆಂಟಿಮೀಟರಿಗೆ, ಕೊನೆಯ ಷಟಲ್ ಪಟ್ಟಿಗೆ ತಾಗಿ, ಅಲ್ಲೇ ಒಂದು ಗಳಿಗೆ ಯೋಚಿಸಿ, ಆಚೆಗೆ ಉರುಳಿ ಗೆರೆಯೊಳಗೆ ಬಿತ್ತು. ಸಿಸ್ಟರ್, ಎಣಿಸಲೋ ಬೇಡವೋ ಎಂದು ಅವರ ಮುಖ ನೋಡಿದರು.

"ತಾಗಿ ದಾಟಿದ್ರೂ ದಾಟಿದ ಹಾಗೇ. ನಿಯಮ ಅದು, ದಾನ ಅಲ್ಲ. ಎಷ್ಟಾಯ್ತು?"

"ಹದಿನಾಲ್ಕು" ಎಂದರು ಸಿಸ್ಟರ್.

ಸಾಹೇಬರು ಮೇಸ್ತ್ರಿಯ ಕಡೆಗೆ ತಿರುಗಿದರು. "ನಾಲ್ಕು ಸಾಕಾಗಿತ್ತು. ನೀನು ಒಂದು ಸೆಂಟಿಮೀಟರ್ ಜಾಸ್ತಿ ಕೊಯ್ದಿದ್ದೀಯ."

"ಗರಗಸದ ಹಲ್ಲಿಗೆ ಸ್ವಲ್ಪ ಹೋಗುತ್ತೆ, ಸಾಹೇಬ್ರೆ" ಎಂದ ಮೇಸ್ತ್ರಿ. ಅವನ ಕಣ್ಣು ತುಂಬಿತ್ತು.

ಆಗ ಅವರು ಕಾಗದ ಬಿಚ್ಚಿದರು. ಒಂದು ಕಪ್ಪು ಹಲಗೆ. ಸೀಮೆಸುಣ್ಣದಿಂದ ದುಂಡಗೆ ಬರೆದರು: ಇಲ್ಲಿನ ನೆಟ್ಟಿನ ಎತ್ತರ 148 ಸೆಂ.ಮೀ. 4 ಮಿ.ಮೀ. ಇರಬೇಕಾದ್ದಕ್ಕಿಂತ 4 ಸೆಂ.ಮೀ. ಕಡಿಮೆ. ಆಡುವವರ ಗಮನಕ್ಕೆ. ಬರೆದ ಹಲಗೆಯನ್ನು ಒಯ್ದು ಐದನೆಯ ಮೊಳೆಗೆ ತಗುಲಿಸಿದರು. "ಕಡಿಮೆ ಕೊಡೋದು ಅಪರಾಧ ಅಲ್ಲ. ಕಡಿಮೆ ಕೊಟ್ಟು ಪೂರ್ತಿ ಅನ್ನೋದು ಅಪರಾಧ" ಎಂದು ಹೇಳಿ, ತಮ್ಮ ಜಾಗಕ್ಕೆ ಬಂದು, ಮೇಸ್ತ್ರಿ ಎಡಗಡೆಗೆ ಬಂದು ನಿಲ್ಲುವವರೆಗೆ ಕಾದರು.

ಇದಾಗಿ ಐದು ವರ್ಷವಾಯಿತು. ಸುಳ್ಳು ಕೋಲನ್ನು ಮೇಸ್ತ್ರಿಯೇ ಅವರ ಎದುರಿಗೆ ನಾಲ್ಕು ತುಂಡು ಮಾಡಿ ಆ ಹಲಗೆಗೆ ಚೌಕಟ್ಟು ಹಾಕಿದ. ತಿಂಗಳ ಮೊದಲ ದಿನ ಈಗಲೂ ಇಪ್ಪತ್ತು ಸರ್ವೀಸಿನ ಪರೀಕ್ಷೆ ನಡೆಯುತ್ತದೆ. ನಾಲ್ಕು ಐದಾಗಿದೆ, ಐದು ಏಳಾಗಿದೆ. ಹಾಗೆ ಆದ ದಿನ ಸಾಹೇಬರು ಹಳೆಯ ಅಂಕಿಯನ್ನು ಕೋಟಿನ ತೋಳಿನಿಂದಲೇ ಒರೆಸಿ ಹೊಸದನ್ನು ಬರೆಯುತ್ತಾರೆ; ಆ ತೋಳನ್ನು ಅಕ್ಕ ಮೂರನೆಯ ಸಲ, ಈ ಬಾರಿ ಅವರಿಗೆ ಹೇಳಿಯೇ, ಮಡಿಚಿ ಹೊಲಿದಿದ್ದಾರೆ.

ಮುಪ್ಪಿನಲ್ಲೂ ಆಡುವವರನ್ನು ಕಂಡರೆ ನಾವು ಅವರು ವಯಸ್ಸನ್ನು ಸೋಲಿಸಿದವರೆಂದು ಕೊಂಡಾಡುತ್ತೇವೆ. ಆ ಹೊಗಳಿಕೆಯಲ್ಲಿ ಎರಡಂಗುಲ ಕೊಯ್ದ ಕೋಲಿನ ಕರುಣೆಯಿದೆ ಎಂದು ನನಗೆ ಈಗೀಗ ಅನಿಸುತ್ತದೆ. ವಯಸ್ಸು ಯಾರ ಕೈಯಲ್ಲೂ ಸೋಲುವುದಿಲ್ಲ. ಕೊನೆಯವರೆಗೆ ಅಂಕಣದಲ್ಲಿ ಉಳಿಯುವ ಜಾತಿಯವರು ತಮ್ಮಿಂದ ಎಷ್ಟು ಹೋಯಿತೆಂಬುದನ್ನು ಬೇರೆಯವರು ಬಚ್ಚಿಡುವ ಮೊದಲೇ ತಾವೇ ಅಳೆದು, ಎಲ್ಲರ ಕಣ್ಣಿಗೆ ಬೀಳುವ ಕಡೆ ಬರೆದು ತೂಗುಹಾಕಿ, ಉಳಿದಿರುವುದರ ಜೊತೆ ಆಟಕ್ಕೆ ನಿಲ್ಲುವವರು. ಅಂಥವರಿಗೆ ರಾಕೆಟ್ ತಗುಲಿಸಲು ನಮ್ಮ ಗೋಡೆಯಲ್ಲಿ ಈಗ ಮೊಳೆ ಉಳಿದಿಲ್ಲ, ಮತ್ತೊಂದನ್ನು ಹೊಡೆಯಲು ಮೇಸ್ತ್ರಿ ಒಪ್ಪುತ್ತಿಲ್ಲ.